ಬಿಸಿಲ ನಾಡಿನ ಗುಡುಗು

ಸುಖವನ್ನು ಕೊಡುವ ದೇವರು ಬೇರೆ, ದುಃಖವನ್ನು ಕಳುಹಿಸುವ ದೇವರು ಬೇರೆ ಎಂಬ ಮಾತನ್ನು ಬಾಯಿಂದ ಯಾರೂ ಒಪ್ಪುವುದಿಲ್ಲ. ಆದರೆ ನಡೆಯಲ್ಲಿ ಬಹುಮಂದಿ ಅದನ್ನೇ ಆಚರಿಸುತ್ತಾರೆ. ಬಿಸಿಲು ಹಿತವಾಗಿ ಕಾದಾಗ ಅದು ಈಶ್ವರನ ಕೃಪೆ. ಸಿಡಿಲು ಎರಗಿದಾಗ ಅದು ಈಶ್ವರನ ಮುನಿಸು. ಒಂದೇ ಆಕಾಶವನ್ನು ಹೀಗೆ ಎರಡು ಪಾಲು ಮಾಡಿ, ಒಂದಕ್ಕೆ ಮಂಗಳಾರತಿ ಎತ್ತಿ ಇನ್ನೊಂದಕ್ಕೆ ಶಾಂತಿ ಮಾಡಿಸುವ ಮನಸ್ಸಿಗೆ ಏಕದೇವನಿಷ್ಠೆಯ ಅರ್ಥವು ಇನ್ನೂ ಆಗಿಲ್ಲವೆಂದೇ ಹೇಳಬೇಕು. ಈ ಭ್ರಾಂತಿಯು ಎಷ್ಟು ಆಳವಾದುದು, ಅದಕ್ಕಾಗಿ ಮನುಷ್ಯನು ಎಂತಹ ಬೆಲೆಯನ್ನು ತೆರಬೇಕಾಗುವುದು ಎಂಬುದನ್ನು ತಿಳಿಯಬಯಸುವವರು ಸ್ಪೇನ್ ದೇಶದ ಪೂರ್ವ ಕರಾವಳಿಯ ವೃತ್ತಾಂತವನ್ನು ಒಮ್ಮೆ ಪರಾಂಬರಿಸಬೇಕು.

ಭೂಮಧ್ಯ ಸಮುದ್ರದ ದಡದಲ್ಲಿರುವ ವಲೆನ್ಸಿಯಾ ಮತ್ತು ಆಲಿಕಾಂತೆ ಪ್ರಾಂತಗಳು ಬಿಸಿಲಿಗೆ ಹೆಸರಾದುವು. ವಲೆನ್ಸಿಯಾ ನಗರದಲ್ಲಿ ವರ್ಷಕ್ಕೆ ಸುಮಾರು ೨,೭೦೦ ಗಂಟೆಗಳ ಕಾಲ ಬಿಸಿಲು ಇರುವುದು; ಮಳೆಯಾದರೋ ವರ್ಷದ್ದೆಲ್ಲವನ್ನೂ ಕೂಡಿಸಿದರೂ ೪೫೦ ಮಿಲಿಮೀಟರಿನ ಆಸುಪಾಸು. ಕಿತ್ತಳೆಯ ತೋಟಗಳು, ಬಾದಾಮಿಯ ಮರಗಳು, ಸರೋವರದ ಅಂಚಿನಲ್ಲಿ ಭತ್ತದ ಗದ್ದೆಗಳು, ಸುಣ್ಣ ಬಳಿದ ಮನೆಗಳು. ಆಲಿಕಾಂತೆಯ ತೀರಕ್ಕೆ ಕೋಸ್ತಾ ಬ್ಲಾಂಕಾ, ಎಂದರೆ ಬೆಳ್ಳನೆಯ ಕರಾವಳಿ, ಎಂದೇ ಹೆಸರು. ಇಂಗ್ಲೆಂಡ್, ಜರ್ಮನಿ, ಹಾಲೆಂಡ್, ನಾರ್ವೆ ಮೊದಲಾದ ಮೋಡ ಕವಿದ ದೇಶಗಳಿಂದ ಸಹಸ್ರಾರು ಜನರು ತಮ್ಮ ದುಡಿಮೆಯ ಕಾಲ ಮುಗಿದ ಮೇಲೆ ಇಲ್ಲಿಗೆ ಬಂದು ಮನೆ ಕೊಂಡು ನೆಲೆಸಿದ್ದಾರೆ. ಅವರು ಹಣವನ್ನರಸಿ ಬಂದವರಲ್ಲ, ಯುದ್ಧಕ್ಕೆ ಹೆದರಿ ಓಡಿಬಂದವರೂ ಅಲ್ಲ. ಕೇವಲ ಬಿಸಿಲನ್ನು ಬಯಸಿ ಬಂದವರು. ಕೀಲುಗಳ ನೋವಿಗೆ ಬಿಸಿಲು, ಮುಪ್ಪಿನ ಬೇಸರಕ್ಕೆ ಬಿಸಿಲು. ಮೇ ತಿಂಗಳಿಂದ ಆಗಸ್ಟಿನವರೆಗೆ ದಿನದಿನವೂ ಒಂದೇ ಬಗೆಯ ನೀಲ ಆಕಾಶವನ್ನು ಕಂಡ ಹೊಸಬನು, ಈ ನಾಡಿನಲ್ಲಿ ಮಳೆಯೆಂಬುದೇ ಇಲ್ಲವೆಂದು ತನ್ನ ಊರಿನವರಿಗೆ ಕಾಗದ ಬರೆದರೆ ಅದರಲ್ಲಿ ಆಶ್ಚರ್ಯವೇನು?

ಬಳಿಕ ಶರದೃತು ಬರುತ್ತದೆ. ಕನ್ನಡ ನಾಡಿನ ರೈತನು ಹಸ್ತ, ಚಿತ್ತೆ, ಸ್ವಾತಿ ಎಂದು ಮಳೆಗಳನ್ನು ಬೆರಳ ಮೇಲೆ ಎಣಿಸುವ ದಿನಗಳೇ ಅವು. ಆ ರೈತನಿಗಾದರೋ ಮಳೆಗಾಲದುದ್ದಕ್ಕೂ ಗುಡುಗಿನ ಪರಿಚಯವಿರುವುದು. ಬಿಸಿಲನ್ನರಸಿ ಬಂದವರಿಗೆ ಅದಿಲ್ಲ. ಒಂದು ಸಂಜೆ ಗಾಳಿ ಮೂಡಲಿಂದ, ಕಡಲ ಕಡೆಯಿಂದ, ಒದ್ದೆಯಾಗಿ ಬೀಸತೊಡಗುವುದು. ಬೆಟ್ಟಗಳ ಮೇಲೆ ಮೋಡವು ಗೋಡೆಯಂತೆ ಎದ್ದು ನಿಲ್ಲುವುದು. ಮೊದಲು ಕಡಲಿನ ಮೇಲೆ ಸದ್ದಿಲ್ಲದ ಮಿಂಚು. ಆಮೇಲೆ ಎಣಿಕೆಗೆ ಸಿಕ್ಕುವ ಗುಡುಗು. ಮಿಂಚಿಗೂ ಗುಡುಗಿಗೂ ನಡುವಣ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಎಂಬ ಲೆಕ್ಕವನ್ನು ಬಲ್ಲವನು ಎಣಿಸುತ್ತಾ ಹೋಗುತ್ತಾನೆ: ಹನ್ನೆರಡು, ಒಂಬತ್ತು, ಆರು, ಮೂರು, ಬಳಿಕ ಎಣಿಸಲು ಬಿಡುವೇ ಇಲ್ಲ. ದೀಪ ಆರುತ್ತದೆ. ಆಲಿಕಲ್ಲು ಹೆಂಚನ್ನು ಬಡಿಯುತ್ತದೆ. ಆರು ತಿಂಗಳು ಹನಿಯನ್ನೇ ಕಾಣದ ಬೀದಿಯಲ್ಲಿ ಮೊಣಕಾಲೆತ್ತರದ ಕೆಂಪು ನೀರು ಹರಿಯುತ್ತದೆ. ಬೆಳಗಾಗುವಷ್ಟರಲ್ಲಿ ಮತ್ತೆ ಅದೇ ನೀಲ ಆಕಾಶ, ಅದೇ ಬಿಸಿಲು. ರಾತ್ರಿ ನಡೆದುದು ಕನಸೋ ಎಂಬಂತೆ.

ಆ ನಾಡಿನಲ್ಲಿ ಒಂದು ಗಾದೆಯುಂಟು. ಸಿಡಿಲಿನಿಂದ ಕಾಪಾಡುವವಳೆಂದು ಕ್ರೈಸ್ತರು ನಂಬಿರುವ ಸಾಂತಾ ಬಾರ್ಬರಾ ಎಂಬ ಸಾಧ್ವಿಯನ್ನು ಜನರು ಗುಡುಗಿದಾಗ ಮಾತ್ರ ನೆನೆಯುವರಂತೆ. ಸಂಕಟ ಬಂದಾಗ ವೆಂಕಟರಮಣ ಎಂಬ ಕನ್ನಡದ ಗಾದೆಯು ಕಡಲು ದಾಟಿ ಹೋಗಿ ವೇಷ ಬದಲಿಸಿಕೊಂಡಂತಿದೆ. ಮನುಷ್ಯನ ಮರವೆಗೆ ಜಾತಿಯಿಲ್ಲ, ಮತವಿಲ್ಲ, ದೇಶವಿಲ್ಲ.

ಈ ಗುಡುಗು ಎಲ್ಲಿಂದ ಬಂದಿತು? ಹೊಸಬನ ಉತ್ತರ, ಬಿಸಿಲಿನ ಶತ್ರುವಾದ ಯಾವುದೋ ಹೊರಗಿನ ಶಕ್ತಿಯಿಂದ ಎಂಬುದು. ಹವಾಮಾನವನ್ನು ಬಲ್ಲವರ ಉತ್ತರ ಬೇರೆ. ಬೇಸಿಗೆಯುದ್ದಕ್ಕೂ ಸೂರ್ಯನು ಕೊಟ್ಟ ಶಾಖವನ್ನೆಲ್ಲ ಆ ಸಮುದ್ರವು ಕುಡಿದು ಇಟ್ಟುಕೊಂಡಿರುತ್ತದೆ. ೨೦೨೪ರ ಆಗಸ್ಟಿನಲ್ಲಿ ಭೂಮಧ್ಯ ಸಮುದ್ರದ ಮೇಲ್ಮೈಯ ಉಷ್ಣತೆಯು ೨೮ ಡಿಗ್ರಿಗೂ ಮೇಲೇರಿತ್ತು. ನೆಲವು ಬೇಗ ಕಾಯ್ದು ಬೇಗ ಆರುವುದು. ನೀರು ಹಾಗಲ್ಲ, ಅಕ್ಟೋಬರಿನಲ್ಲಿಯೂ ಬೆಚ್ಚಗೇ ಇರುವುದು. ಆ ಬಿಸುಪಿಗೆ ನೀರು ಆವಿಯಾಗುತ್ತಲೇ ಇರುತ್ತದೆ. ಒಂದು ಕಿಲೋಗ್ರಾಂ ನೀರು ಆವಿಯಾಗಲು ಬೇಕಾಗುವ ಶಾಖವು, ಅಷ್ಟೇ ನೀರನ್ನು ಮಂಜಿನ ತಣ್ಪಿನಿಂದ ಕುದಿಯುವವರೆಗೆ ಕಾಯಿಸುವ ಶಾಖದ ಐದು ಪಟ್ಟಿಗೂ ಹೆಚ್ಚು. ಈ ಶಾಖವು ಎಲ್ಲಿಯೂ ಹೋಗುವುದಿಲ್ಲ, ಆವಿಯಲ್ಲಿ ಅಡಗಿ ಕುಳಿತಿರುವುದು. ಇತ್ತ ಉತ್ತರ ಧ್ರುವದ ಕಡೆಯ ತಣ್ಣನೆಯ ಗಾಳಿಯ ಒಂದು ತುಂಡು, ಮೇಲ್ಗಾಳಿಯ ಮಹಾಪ್ರವಾಹದಿಂದ ಕಳಚಿಕೊಂಡು ದಕ್ಷಿಣಕ್ಕೆ ತೇಲಿ ಬಂದು ಐದಾರು ಕಿಲೋಮೀಟರ್ ಎತ್ತರದಲ್ಲಿ ನಿಲ್ಲುವುದು. ಕೆಳಗೆ ಬಿಸಿಯಾದ ತೇವದ ಗಾಳಿ, ಮೇಲೆ ಕೊರೆಯುವ ಗಾಳಿ, ಪಕ್ಕದಲ್ಲಿ ತಡೆದು ಮೇಲಕ್ಕೆ ನೂಕುವ ಬೆಟ್ಟಸಾಲು. ಆವಿಯು ಏರುವುದು, ಹನಿಗೂಡುವುದು, ಹನಿಗೂಡುವಾಗ ತನ್ನೊಳಗಿನ ಶಾಖವನ್ನು ಬಿಟ್ಟುಕೊಡುವುದು. ಆ ಶಾಖದಿಂದ ಗಾಳಿ ಇನ್ನೂ ಮೇಲೇರುವುದು. ಹೀಗೆ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದ ಮೋಡವು ನಿಂತಲ್ಲೇ ನಿಂತು ಗಂಟೆಗಟ್ಟಲೆ ಸುರಿಯುವುದು.

ಎಂದ ಮೇಲೆ ಅಕ್ಟೋಬರಿನ ಸಿಡಿಲಾಗಿ ಎರಗಿದುದು ಜುಲೈ ತಿಂಗಳ ಬಿಸಿಲೇ ಅಲ್ಲವೇ? ಕಡಲ ತೀರದಲ್ಲಿ ಮೈಯೊಡ್ಡಿ ಮಲಗಿದ್ದವನಿಗೆ ಹಿತವಾಗಿದ್ದ ಆ ಶಾಖವೇ ಅವನ ಕಣ್ಣೆದುರಿಗಿನ ನೀರಿನಲ್ಲಿಯೂ ಇಳಿಯುತ್ತಿದ್ದಿತು. ಬಸವಣ್ಣನವರು ತಮ್ಮ ವಚನವೊಂದರಲ್ಲಿ ನೀರಿನೊಳಗೆ ಅಡಗಿರುವ ಬೆಂಕಿಯ ಹೋಲಿಕೆಯನ್ನು ಬಳಸಿರುವುದು ಸದ್ಭಕ್ತರಿಗೆಲ್ಲ ತಿಳಿದುದೇ ಆಗಿದೆ. ವಚನಗಳಲ್ಲಿ ಭೌತಶಾಸ್ತ್ರವನ್ನು ಹುಡುಕುವ ಹವ್ಯಾಸ ಒಳ್ಳೆಯದಲ್ಲ. ಅಣ್ಣನವರು ಅಲ್ಲಿ ಹೇಳಹೊರಟುದು ಮೋಡಗಳ ಶಾಸ್ತ್ರವಲ್ಲ. ಕಾಣುವುದರಲ್ಲಿ ಕಾಣದುದು ಅಡಗಿರುವುದು, ಅಡಗಿರುವುದು ಇಲ್ಲದುದಲ್ಲ ಎಂಬಷ್ಟನ್ನು ಮಾತ್ರ ಆ ಹೋಲಿಕೆಯಿಂದ ಇಲ್ಲಿಗೆ ತೆಗೆದುಕೊಂಡರೆ ಸಾಕು. ತಂಪಾದ ನೀರನ್ನು ಕಂಡು ಬೆಂಕಿಯಿಲ್ಲವೆಂದವನೂ, ನೀಲ ಆಕಾಶವನ್ನು ಕಂಡು ಗುಡುಗಿಲ್ಲವೆಂದವನೂ ಒಂದೇ ಮರವೆಗೆ ಸಿಕ್ಕವರು.

ಆಕಾಶದ ಮರವೆಗಿಂತ ನೆಲದ ಮರವೆ ಘೋರವಾದುದು. ಆ ಸೀಮೆಯಲ್ಲಿ ವರ್ಷದ ಬಹುಭಾಗ ಹನಿ ನೀರೂ ಇಲ್ಲದ ಹಳ್ಳಗಳಿವೆ. ಅಂತಹ ಮರಳಿನ ಹಳ್ಳಕ್ಕೆ ರಾಂಬ್ಲಾ ಎಂಬ ಹೆಸರು. ಮರಳು ಎಂಬರ್ಥದ ಅರಬ್ಬಿ ಮಾತಿನಿಂದ ಬಂದುದು, ಅರಬ್ಬರು ಆ ನಾಡನ್ನು ಆಳಿದ ಕಾಲದ ನೆನಪು. ಒಣಗಿದ ಹಳ್ಳವು ಮಕ್ಕಳಿಗೆ ಆಟದ ಬಯಲು, ಊರಿಗೆ ಅಗ್ಗದ ನಿವೇಶನ. ಹತ್ತು ವರ್ಷ ನೀರು ಬಾರದಿದ್ದರೆ ಅದರ ಅಂಚಿನಲ್ಲಿ ಮನೆಗಳೇಳುವುವು. ಇಪ್ಪತ್ತು ವರ್ಷ ಬಾರದಿದ್ದರೆ ಅದು ಹಳ್ಳವೆಂಬುದೇ ಮರೆತುಹೋಗುವುದು. ಮನುಷ್ಯನಿಗೆ ಇಪ್ಪತ್ತು ವರ್ಷವೆಂದರೆ ದೀರ್ಘಕಾಲ. ಹಳ್ಳಕ್ಕೆ ಅದು ಒಂದು ಮಧ್ಯಾಹ್ನದ ನಿದ್ದೆ.

ಹಾಗೆಂದು ಆ ಜನರಿಗೆ ಎಚ್ಚರಿಕೆಯೇ ಇರಲಿಲ್ಲವೆನ್ನಲಾಗದು. ೧೯೫೭ರ ಅಕ್ಟೋಬರ್ ೧೪ರಂದು ತೂರಿಯಾ ನದಿ ಉಕ್ಕಿ ವಲೆನ್ಸಿಯಾ ನಗರವನ್ನು ಮುಳುಗಿಸಿ ೮೦ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ೧೯೮೨ರ ಅಕ್ಟೋಬರ್ ೨೦ರಂದು ಹೂಕರ್ ನದಿಯ ತೋವುಸ್ ಅಣೆಕಟ್ಟು ಒಡೆಯಿತು. ೧೯೮೭ರ ನವೆಂಬರ್ ೩ರಂದು ಓಲಿವಾ ಎಂಬ ಊರಿನಲ್ಲಿ ಒಂದೇ ದಿನ ೮೧೭ ಮಿಲಿಮೀಟರ್ ಮಳೆ ಸುರಿಯಿತು. ಎಲ್ಲವೂ ಶರತ್ಕಾಲದಲ್ಲಿಯೇ, ಎಲ್ಲವೂ ಬಿಸಿಲಿನ ಬೇಸಿಗೆಯ ಬೆನ್ನಲ್ಲಿಯೇ. ವಲೆನ್ಸಿಯಾದ ಹಳೆಯ ಬೀದಿಗಳಲ್ಲಿ ಪ್ರವಾಹದ ನೀರು ಎಲ್ಲಿಯವರೆಗೆ ಏರಿತ್ತೆಂಬುದನ್ನು ಗೋಡೆಯ ಮೇಲೆ ಫಲಕ ಹಾಕಿ ಗುರುತಿಸಿದ್ದಾರೆ. ಆಳೆತ್ತರದ ಆ ಗುರುತಿನ ಕೆಳಗೆ ಜನರು ದಿನವೂ ನಡೆದಾಡುತ್ತಾರೆ. ದಿನವೂ ಕಾಣುವ ಬರಹವನ್ನು ಓದುವವರು ಎಲ್ಲಿಯೂ ಕಡಿಮೆಯೇ.

ಜನರು ಈ ಬಗೆಯ ಮಳೆಯನ್ನು ಗೋತಾ ಫ್ರೀಯಾ, ಎಂದರೆ ತಣ್ಣನೆಯ ಹನಿ, ಎನ್ನುತ್ತಿದ್ದರು. ಹವಾಮಾನ ಶಾಸ್ತ್ರಜ್ಞರು ಮೇಲ್ಗಾಳಿಯಲ್ಲಿ ಕಳಚಿ ನಿಂತ ವಾಯುಭಾರ ಕುಸಿತ ಎಂಬರ್ಥದ ಸ್ಪ್ಯಾನಿಷ್ ಮಾತುಗಳ ಮೊದಲಕ್ಷರಗಳನ್ನು ಕೂಡಿಸಿ ಅದನ್ನು ದಾನಾ ಎಂದು ಕರೆಯುತ್ತಾರೆ. ಕನ್ನಡದ ಕಿವಿಗೆ ಇದು ದಾನವೆಂದೇ ಕೇಳಿಸುವುದು. ಬರಗಾಲದ ವರ್ಷದಲ್ಲಿ ತೋಟಗಳಿಗೂ ಕೆರೆಗಳಿಗೂ ಅದು ದಾನವೂ ಹೌದೆಂಬುದನ್ನು ಆ ನಾಡಿನ ರೈತರು ಅಲ್ಲಗಳೆಯುವುದಿಲ್ಲ. ಆದರೆ ೨೦೨೪ರ ಅಕ್ಟೋಬರ್ ೨೯ರ ಮಂಗಳವಾರದ ಮೇಲೆ ಆ ಶಬ್ದವನ್ನು ಹಗುರಾಗಿ ನುಡಿಯುವವರು ಅಲ್ಲಿ ಉಳಿದಿಲ್ಲ.

ಅಂದು ಬೆಟ್ಟದ ತಪ್ಪಲಿನ ತುರೀಸ್ ಎಂಬ ಊರಿನಲ್ಲಿ ಒಂದೇ ದಿನ ೭೭೧ ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದಿತು. ಅದರಲ್ಲಿ ೧೮೪ ಮಿಲಿಮೀಟರಿಗೂ ಮಿಕ್ಕು ಒಂದೇ ಗಂಟೆಯಲ್ಲಿ. ವಲೆನ್ಸಿಯಾ ನಗರಕ್ಕೆ ಒಂದೂವರೆ ವರ್ಷದಲ್ಲಿ ಸುರಿಯಬೇಕಾದ ಮಳೆಯಿದು. ಆದರೆ ಸಾವು ಹೆಚ್ಚಾಗಿ ಸಂಭವಿಸಿದುದು ತುರೀಸಿನಲ್ಲಲ್ಲ. ಕೆಳಗಿನ ಬಯಲಿನಲ್ಲಿ, ಪಾಯ್ಪೋರ್ತಾ, ಕತರೋಹಾ ಮೊದಲಾದ ಊರುಗಳಲ್ಲಿ, ಅಂದು ಸಂಜೆ ಹೇಳಿಕೊಳ್ಳುವಂತಹ ಮಳೆಯೇ ಇರಲಿಲ್ಲ. ಅಂಗಡಿಗಳು ತೆರೆದಿದ್ದುವು. ಜನರು ಕೆಲಸದಿಂದ ಮನೆಗೆ ಮರಳುತ್ತಿದ್ದರು. ಪಾಯ್ಪೋರ್ತಾದ ನಡುವೆ ಹಾದುಹೋಗುವ ಪೋಯೊ ಎಂಬ ಹಳ್ಳವು ಎಂದಿನಂತೆ ಬರಿದಾಗಿದ್ದುದು ಕೆಲವೇ ಗಂಟೆಗಳಲ್ಲಿ ಕಡಲಾಯಿತು. ಸಂಜೆ ಏಳರ ಹೊತ್ತಿಗೆ ಸೆಕೆಂಡಿಗೆ ೨,೨೦೦ ಘನ ಮೀಟರಿಗೂ ಹೆಚ್ಚು ನೀರು ಹರಿಯುತ್ತಿರುವುದನ್ನು ತೋರಿಸಿದ ಅಳತೆಯ ಯಂತ್ರವು ಆಮೇಲೆ ತಾನೇ ಕೊಚ್ಚಿಹೋಯಿತು. ಮಳೆ ಬಂದರೆ ಕೊಡೆ ಹಿಡಿಯುವುದನ್ನು ಮನುಷ್ಯನು ಬಲ್ಲನು. ತನ್ನ ತಲೆಯ ಮೇಲೆ ಹನಿ ಬೀಳದಿರುವಾಗ ಮೇಲಣ ಸೀಮೆಯ ಮಳೆಗೆ ಬೆದರುವುದನ್ನು ಅವನಿಗೆ ಯಾರು ಕಲಿಸಬೇಕು?

ಕಲಿಸಬಲ್ಲವರು ಇದ್ದರು. ಹವಾಮಾನ ಇಲಾಖೆಯು ಅಂದು ಬೆಳಗ್ಗೆ ಎಂಟಕ್ಕೆ ಮೊದಲೇ ಕೆಂಪು ಎಚ್ಚರಿಕೆಯನ್ನು ಸಾರಿತ್ತು. ವಲೆನ್ಸಿಯಾ ವಿಶ್ವವಿದ್ಯಾಲಯವು ಹಿಂದಿನ ದಿನವೇ ವಿಚಾರ ಮಾಡಿ ತನ್ನ ತರಗತಿಗಳನ್ನು ನಿಲ್ಲಿಸಿತ್ತು. ಆದರೆ ಜನರೆಲ್ಲರ ಕೈಯಲ್ಲಿರುವ ಮೊಬೈಲಿಗೆ ಎಚ್ಚರಿಕೆಯ ಸಂದೇಶವು ಬಂದುದು ರಾತ್ರಿ ೮ ಗಂಟೆ ೧೧ ನಿಮಿಷಕ್ಕೆ. ಆ ವೇಳೆಗೆ ಪಾಯ್ಪೋರ್ತಾದಲ್ಲಿ ನೀರು ಮನೆಯೊಳಗಿತ್ತು. ಅರಿತವರ ಅರಿವು ಆಚಾರವಾಗುವುದಕ್ಕೆ ಒಂದು ಹಗಲು ಹಿಡಿಯಿತು. ನೀರು ಅಷ್ಟು ಹೊತ್ತು ಕಾಯಲಿಲ್ಲ. ಅರಿವಿಗೂ ಆಚಾರಕ್ಕೂ ನಡುವೆ ಬಿರುಕಿರಬಾರದೆಂದು ಶರಣರು ಅಷ್ಟು ಒತ್ತಿ ಹೇಳಿದುದು ವ್ಯಕ್ತಿಯ ಬಾಳಿಗೆ ಮಾತ್ರವೆಂದು ತಿಳಿದವರು ಈ ಒಂದು ಹಗಲನ್ನು ಕುರಿತು ಯೋಚಿಸಬೇಕು.

ಸ್ಪೇನ್ ದೇಶದಲ್ಲಿ ಆ ದಿನಗಳ ಪ್ರವಾಹಕ್ಕೆ ಬಲಿಯಾದವರು ೨೩೦ಕ್ಕೂ ಹೆಚ್ಚು ಜನ. ಅವರಲ್ಲಿ ಅರ್ಧಕ್ಕೆ ಸಮೀಪದವರು ೭೦ ವರ್ಷ ದಾಟಿದ ವೃದ್ಧರು. ಅನೇಕರು ನೆಲಮಟ್ಟದ ಮನೆಗಳಲ್ಲಿದ್ದವರು. ಇನ್ನು ಕೆಲವರು ಕಟ್ಟಡದ ನೆಲಮಾಳಿಗೆಯಲ್ಲಿ ನಿಲ್ಲಿಸಿದ್ದ ಕಾರನ್ನು ಉಳಿಸಿಕೊಳ್ಳಲು ಮೆಟ್ಟಿಲಿಳಿದು ಹೋಗಿ ಮೇಲೆ ಬರಲಾಗದೆ ಉಳಿದರು. ಇದನ್ನು ಓದಿದೊಡನೆ, ವಸ್ತುವಿನ ಆಸೆಯು ಪ್ರಾಣವನ್ನು ತೆಗೆಯಿತೆಂದು ಉಪದೇಶ ಮಾಡಲು ನಾಲಿಗೆ ತುಡಿಯುವುದು ಸಹಜ. ಆ ತುಡಿತವನ್ನು ತಡೆದುಕೊಳ್ಳುವುದು ಲೇಸು. ದುಡಿಯುವವನಿಗೆ ಕಾರು ಭೋಗದ ವಸ್ತುವಲ್ಲ. ಅದಿಲ್ಲದೆ ಮರುದಿನದ ಕೆಲಸವಿಲ್ಲ, ತೀರದ ಸಾಲವೂ ಅದರ ಮೇಲಿರಬಹುದು. ರೈತನೊಬ್ಬನು ಎತ್ತನ್ನು ಬಿಡಿಸಿಕೊಂಡು ಬರಲು ಹೊಳೆಗಿಳಿದರೆ ಅವನನ್ನು ಯಾರಾದರೂ ಆಸೆಬುರುಕನೆನ್ನುವರೇ? ಕಾಲಡಿಯ ನೀರು ಎರಡು ನಿಮಿಷದಲ್ಲಿ ಕುತ್ತಿಗೆಗೆ ಬರುವುದೆಂದು ಆ ಬಡಪಾಯಿಗಳಿಗೆ ಯಾರೂ ಹೇಳಿರಲಿಲ್ಲ.

ಇಂತಹ ಸಮಯದಲ್ಲಿ ಧರ್ಮದ ಹೆಸರಿನಲ್ಲಿ ಆಡುವ ಎರಡು ಮಾತುಗಳಿವೆ. ಒಂದು, ಇದು ಪಾಪಕ್ಕೆ ಶಿಕ್ಷೆಯೆಂಬುದು. ಎಂಬತ್ತರ ಮುದುಕಿಯೊಬ್ಬಳು ತನ್ನ ಹಾಸಿಗೆಯಲ್ಲಿ ಮುಳುಗಿ ಸಾಯುವಷ್ಟು ಪಾಪವನ್ನು ಮಾಡಿದ್ದಳೆಂದು ಹೇಳುವವನು ಶಿವನನ್ನು ಸ್ತುತಿಸುತ್ತಿಲ್ಲ, ನಿಂದಿಸುತ್ತಿದ್ದಾನೆ. ಹಳ್ಳದ ಪಾತ್ರದಲ್ಲಿ ಮನೆ ಕಟ್ಟಲು ಅಪ್ಪಣೆ ಕೊಟ್ಟವರು ಮನುಷ್ಯರು. ಎಚ್ಚರಿಕೆಯನ್ನು ತಡಮಾಡಿದವರು ಮನುಷ್ಯರು. ಗಾಳಿಯು ಒಂದು ಡಿಗ್ರಿ ಹೆಚ್ಚು ಬಿಸಿಯಾದರೆ ನೂರಕ್ಕೆ ಏಳರಷ್ಟು ಹೆಚ್ಚು ತೇವವನ್ನು ಹೊರಬಲ್ಲುದು. ಅದನ್ನು ಹೊಗೆಯಿಂದ ಬಿಸಿ ಮಾಡುತ್ತಿರುವವರೂ ಮನುಷ್ಯರೇ. ತಮ್ಮ ಲೆಕ್ಕದಲ್ಲಿ ಬರೆಯಬೇಕಾದ ಸಾಲವನ್ನು ದೇವರ ಲೆಕ್ಕಕ್ಕೆ ಬರೆಯುವ ಈ ಜಾಣತನವನ್ನು ಭಕ್ತಿಯೆಂದು ಕರೆಯಲಾಗದು.

ಇನ್ನೊಂದು ಮಾತು, ಬಂದುದೆಲ್ಲವೂ ಪ್ರಸಾದವೆಂಬುದು. ಇದು ದೊಡ್ಡ ಮಾತು. ದೊಡ್ಡದಾದ್ದರಿಂದಲೇ ಅದನ್ನು ಬಳಸುವಾಗ ಕೈ ನಡುಗಬೇಕು. ತನಗೊದಗಿದ ನಷ್ಟವನ್ನು ಪ್ರಸಾದವೆಂದು ಸ್ವೀಕರಿಸುವ ಅಧಿಕಾರ ಪ್ರತಿಯೊಬ್ಬ ಸಾಧಕನಿಗೂ ಉಂಟು. ಪರರ ಮಗು ಕೊಚ್ಚಿಹೋದಾಗ ಅದನ್ನು ಪ್ರಸಾದವೆಂದು ಬೋಧಿಸುವ ಅಧಿಕಾರ ಯಾರಿಗೂ ಇಲ್ಲ. ತನಗೆ ಹೇಳಿಕೊಂಡಾಗ ಸಾಧನೆಯಾದ ಮಾತು, ಅಳುವವನ ಮುಂದೆ ಆಡಿದಾಗ ಕ್ರೌರ್ಯವಾಗುವುದು.

ಹಾಗಾದರೆ ಆಡಬೇಕಾದುದೇನು? ನವೆಂಬರ್ ಒಂದರಂದು ವಲೆನ್ಸಿಯಾದ ಜನರು ಆಡಿದುದಕ್ಕಿಂತ ಮಾಡಿದುದೇ ಹೆಚ್ಚು. ಅಂದು ಕ್ರೈಸ್ತರಿಗೆ ಸರ್ವಸಂತರ ಹಬ್ಬ. ಹಿರಿಯರ ಸಮಾಧಿಗಳಿಗೆ ಹೂವನ್ನೊಯ್ಯುವ ದಿನ. ಆ ಬೆಳಗ್ಗೆ ನಗರದಿಂದ ಸಹಸ್ರಾರು ಜನರು, ಬಹುಮಟ್ಟಿಗೆ ಎಳೆಯರು, ಪೊರಕೆ, ಸಲಿಕೆ, ಬಕೆಟ್ಟು, ಕುಡಿಯುವ ನೀರಿನ ಬಾಟಲಿಗಳನ್ನು ಹೊತ್ತು, ತೂರಿಯಾ ನದಿಯ ಹೊಸ ಕಾಲುವೆಯ ಮೇಲಣ ಕಾಲುಸೇತುವೆಯನ್ನು ದಾಟಿ ಕೆಸರಿನ ಊರುಗಳಿಗೆ ನಡೆದುಹೋದರು. ಯಾರೂ ಕರೆದಿರಲಿಲ್ಲ. ಪರಿಚಯವಿಲ್ಲದವರ ಅಡುಗೆಮನೆಯ ಕೆಸರನ್ನು ಬಾಚಿ ಹೊರಹಾಕಿದರು. ನೆಂದು ಹಾಳಾದ ಹಾಸಿಗೆಗಳನ್ನು ಬೀದಿಗೆ ಹೊತ್ತು ತಂದರು. ಸಂಜೆ ಮೊಣಕಾಲವರೆಗೆ ಮಣ್ಣಾಗಿ ಮನೆಗೆ ಮರಳಿ ಮರುದಿನ ಮತ್ತೆ ಹೋದರು. ಆ ಸೇತುವೆಗೆ ಜನರು ಐಕಮತ್ಯದ ಸೇತುವೆಯೆಂದು ಹೆಸರಿಟ್ಟರು. ಶಿವಭಕ್ತರ ಅಂಗಳವನ್ನು ಗುಡಿಸುವುದನ್ನೇ ಕಾಯಕವನ್ನಾಗಿ ಮಾಡಿಕೊಂಡ ಶರಣೆ ಸತ್ಯಕ್ಕನ ಹೆಸರನ್ನು ಆ ಹುಡುಗ ಹುಡುಗಿಯರು ಕೇಳಿರಲಾರರು. ಪೊರಕೆಯನ್ನು ಹಿಡಿದ ಕೈಗೆ ಆ ಹೆಸರು ತಿಳಿದಿರಲೇಬೇಕೆಂಬ ನಿಯಮವೇನೂ ಇಲ್ಲ.

ಆ ಸೇತುವೆಯ ಕೆಳಗಿನ ಕಾಲುವೆಯ ಕಥೆಯೂ ಕೇಳತಕ್ಕುದೇ. ೧೯೫೭ರ ಪ್ರವಾಹದ ತರುವಾಯ ತೂರಿಯಾ ನದಿಯನ್ನೇ ನಗರದಿಂದಾಚೆಗೆ ತಿರುಗಿಸಲು ನಿರ್ಧರಿಸಿ, ಸುಮಾರು ೧೨ ಕಿಲೋಮೀಟರ್ ಉದ್ದದ ಹೊಸ ಪಾತ್ರವನ್ನು ತೋಡಿ ೧೯೬೯ರಲ್ಲಿ ಮುಗಿಸಿದರು. ಬರಿದಾದ ಹಳೆಯ ಪಾತ್ರದಲ್ಲಿ ಹೆದ್ದಾರಿಯನ್ನು ಹಾಯಿಸುವ ಯೋಜನೆಯಿತ್ತು. ನಾಗರಿಕರು ಒಪ್ಪಲಿಲ್ಲ, ಹೋರಾಡಿ ಅದನ್ನು ಉದ್ಯಾನವನ್ನಾಗಿ ಮಾಡಿಸಿದರು. ಇಂದು ಅಲ್ಲಿ ಹಳೆಯ ಕಲ್ಲುಸೇತುವೆಗಳ ಕಮಾನಿನ ಕೆಳಗೆ ಮರಗಳು ಬೆಳೆದಿವೆ, ಮಕ್ಕಳು ಆಡುತ್ತಾರೆ. ೨೦೨೪ರಲ್ಲಿ ಹೊಸ ಪಾತ್ರವು ತನ್ನ ಹೊರೆಯನ್ನು ಹೊತ್ತು ಹಳೆಯ ನಗರವನ್ನು ಕಾಪಾಡಿತು. ಅದರ ದಕ್ಷಿಣಕ್ಕಿದ್ದ ಊರುಗಳಿಗೆ, ಪೋಯೊ ಹಳ್ಳದ ದಾರಿಯಲ್ಲಿದ್ದವರಿಗೆ, ಅಂತಹ ರಕ್ಷಣೆ ಇರಲಿಲ್ಲ. ಒಮ್ಮೆ ಅತ್ತ ನಗರವು ಮರೆಯದೆ ಇದ್ದುದನ್ನೂ, ಬಗಲಿನ ಊರುಗಳ ವಿಷಯದಲ್ಲಿ ಅದೇ ನಾಡು ಮರೆತುದನ್ನೂ ಒಂದೇ ರಾತ್ರಿ ತೋರಿಸಿಕೊಟ್ಟಿತು.

ನೀರಿನ ವಿಷಯದಲ್ಲಿ ಆ ಜನರು ಅವಿವೇಕಿಗಳೆಂದು ಇದರಿಂದ ತಿಳಿಯಬಾರದು. ವಲೆನ್ಸಿಯಾದ ಪ್ರಧಾನ ದೇವಾಲಯದ ಅಪೊಸ್ತಲರ ಬಾಗಿಲ ಮುಂದೆ ಪ್ರತಿ ಗುರುವಾರ ನಡುಹಗಲು ಹನ್ನೆರಡಕ್ಕೆ ನೀರಿನ ನ್ಯಾಯಸ್ಥಾನವು ಕೂಡುತ್ತದೆ. ತೂರಿಯಾ ನದಿಯಿಂದ ಹೊಲಗಳಿಗೆ ಹರಿಯುವ ಕಾಲುವೆಗಳ ರೈತರು ತಮ್ಮಲ್ಲಿಯೇ ಆರಿಸಿದ ಎಂಟು ಮಂದಿ ನ್ಯಾಯಾಧಿಪತಿಗಳು ಕಪ್ಪು ನಿಲುವಂಗಿ ತೊಟ್ಟು ಬಯಲಲ್ಲಿ ವೃತ್ತವಾಗಿ ಕುಳಿತುಕೊಳ್ಳುವರು. ವಕೀಲರಿಲ್ಲ, ವಾದವೆಲ್ಲ ಬಾಯಿಮಾತಿನಲ್ಲಿ, ಅವರ ತಾಯ್ನುಡಿಯಲ್ಲಿ, ತೀರ್ಪು ಅಲ್ಲಿಯೇ, ಮೇಲ್ಮನವಿಯಿಲ್ಲ. ಸಾವಿರ ವರ್ಷಗಳಷ್ಟು ಹಿಂದಿನದೆಂದು ಹೇಳಲಾಗುವ ಈ ಪದ್ಧತಿಯನ್ನು ೨೦೦೯ರಲ್ಲಿ ಯುನೆಸ್ಕೋ ಸಂಸ್ಥೆಯು ಮಾನವಕುಲದ ಪರಂಪರೆಯೆಂದು ಮನ್ನಿಸಿತು. ಕೊರತೆಯ ನೀರನ್ನು ಜಗಳವಿಲ್ಲದೆ ಹಂಚಿಕೊಳ್ಳುವ ವಿವೇಕವನ್ನು ಆ ನಾಡು ಇಷ್ಟು ಶ್ರದ್ಧೆಯಿಂದ ಕಾಪಾಡಿಕೊಂಡು ಬಂದಿದೆ. ಗುರುವಾರ ಹನ್ನೆರಡು ಬಾರಿಸಿದೊಡನೆ ಚಾಕರನು ಎದ್ದು ನಿಂತು ಕಾಲುವೆಗಳ ಹೆಸರನ್ನು ಒಂದೊಂದಾಗಿ ಕೂಗುತ್ತಾನೆ. ದೂರು ಇದ್ದವರು ಮುಂದೆ ಬರುತ್ತಾರೆ. ಯಾರೂ ಬಾರದಿದ್ದರೆ ಸಭೆಯು ಕೆಲವು ನಿಮಿಷಗಳಲ್ಲಿಯೇ ಮುಗಿಯುತ್ತದೆ. ಅವನು ಕೂಗುವುದು ನೀರು ಹರಿಯುವ ಕಾಲುವೆಗಳ ಹೆಸರನ್ನು. ಪೋಯೊ ಹಳ್ಳದ ಹೆಸರು ಆ ಪಟ್ಟಿಯಲ್ಲಿಲ್ಲ.